ಹನ್ಯಾನಾ, ರೆಥಿಮ್ನೊನಾ? ಕ್ರೀಟ್ ದ್ವೀಪದ ಎರಡು ಬಂದರು ಊರುಗಳಲ್ಲಿ ಒಂದನ್ನು ಆರಿಸುವ ಬಗೆ

ಎರಡೂ ಊರಿನ ಫೋಟೋ ಪಕ್ಕಪಕ್ಕ ಇಟ್ಟು ನೋಡಿದರೆ ಯಾವುದು ಯಾವುದೆಂದು ಹೇಳುವುದು ಕಷ್ಟ. ಎರಡರಲ್ಲೂ ವೆನಿಸ್‌ನವರು ಕಟ್ಟಿದ ಹಳೆ ಬಂದರು. ಎರಡರಲ್ಲೂ ನೀರಿನ ತುದಿಗೆ ಒಂದು ದೀಪಸ್ತಂಭ, ಪಡುವಣಕ್ಕೆ ಒಂದು ಕೋಟೆ, ಒಳಗೆ ಕಿರಿದಾದ ಕಲ್ಲುಬೀದಿಗಳು, ಅವುಗಳ ನಡುವೆ ತುರ್ಕರ ಕಾಲದ ಮಸೀದಿ. ಗ್ರೀಸ್‌ನ ಕ್ರೀಟ್ ದ್ವೀಪದ ಬಡಗಣ ಕರಾವಳಿಯಲ್ಲಿ ಇವೆರಡರ ನಡುವೆ ಇರುವುದು ಸುಮಾರು 60 ಕಿಲೋಮೀಟರ್ ಮಾತ್ರ.

ನಾವು ಮೊದಲ ಸಲ ಫೋಟೋ ನೋಡಿಯೇ ಆರಿಸಿದ್ದೆವು. ಹನ್ಯಾ ಬಂದರಿಗೆ ಎದುರಾಗಿಯೇ ರೂಮು. ಬಾಲ್ಕನಿಯಿಂದ ಕಂಡ ನೋಟ ಇವತ್ತಿಗೂ ಕಣ್ಣಲ್ಲಿದೆ. ಆದರೆ ರೂಮು ಮೂರನೇ ಮಹಡಿಯಲ್ಲಿ, ಮೆಟ್ಟಿಲು ಕಡಿದಾದ ಮರದ್ದು, ಲಿಫ್ಟ್ ಇಲ್ಲ. ಅಮ್ಮನಿಗೆ ಮಂಡಿನೋವು. ಬೆಳಿಗ್ಗೆ ಒಮ್ಮೆ ಇಳಿದರೆ ರಾತ್ರಿಯೇ ಹತ್ತುವುದು ಅಂತಾಯಿತು. ಕೆಳಗಿನ ಹೋಟೆಲಿನ ಸಂಗೀತ ನಡುರಾತ್ರಿ ದಾಟಿದರೂ ನಿಲ್ಲುತ್ತಿರಲಿಲ್ಲ. ಎಂಟು ವರ್ಷದ ಮಗಳು ದಿನಾ ಕೇಳುತ್ತಿದ್ದುದು ಒಂದೇ: ಸಮುದ್ರ ಇಲ್ಲೇ ಇದೆಯಲ್ಲಾ, ಇಳಿಯೋಕೆ ಯಾಕೆ ಆಗಲ್ಲ?

ಎರಡನೇ ಸಲ ಹೋಗುವಾಗ ಬೇರೆ ಥರ ಯೋಚಿಸಿದೆವು. ಬಂದರಿನ ದಡದಲ್ಲಿ ನಾವು ಕೂರುವುದು ಸಂಜೆಯ ಒಂದೆರಡು ಗಂಟೆ. ಅದರ ಅಂದಚೆಂದ ನೋಡಿ ಊರು ಆರಿಸಿದರೆ ಉಳಿದ ಇಪ್ಪತ್ತೆರಡು ಗಂಟೆ ಒದ್ದಾಡಬೇಕಾಗುತ್ತದೆ. ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುತ್ತೀರಿ, ಯಾರನ್ನು ಕರೆದುಕೊಂಡು ಹೋಗುತ್ತೀರಿ, ರಾತ್ರಿ ಎಲ್ಲಿ ಮಲಗುತ್ತೀರಿ ಎನ್ನುವುದರ ಮೇಲೆ ಊರು ನಿರ್ಧಾರವಾಗಲಿ. ಕೆಳಗಿನ ಹೆಜ್ಜೆಗಳು ಅದೇ ಲೆಕ್ಕದವು.

ಹೆಜ್ಜೆ 1: ಎರಡು ಊರಿನ ಗುಣ ತಿಳಿಯಿರಿ

ಮೊದಲು ಹೆಸರು. ಟಿಕೆಟಿನ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಚಾನಿಯಾ ಎಂದು ಓದುವಂತೆ ಬರೆದಿರುತ್ತದೆ. ಬಾಯಲ್ಲಿ ಅದು ಹನ್ಯಾ.

ಹನ್ಯಾ ದೊಡ್ಡ ಊರು. 1971ರವರೆಗೆ ಕ್ರೀಟ್‌ನ ರಾಜಧಾನಿ ಅದೇ ಆಗಿತ್ತು. ಬಂದರಿನಲ್ಲಿ ಎರಡು ಭಾಗ. ಹೊರಗಿನದು ಅರ್ಧಚಂದ್ರದ ಹಾಗೆ ಬಾಗಿದೆ, ಒಂದು ತುದಿಗೆ ಫಿರ್ಕಾಸ್ ಕೋಟೆ. ಕ್ರೀಟ್ ಗ್ರೀಸ್‌ಗೆ ಸೇರಿದಾಗ, 1913ರ ಡಿಸೆಂಬರ್ 1ರಂದು, ಬಾವುಟ ಏರಿಸಿದ್ದು ಈ ಕೋಟೆಯ ಮೇಲೆ. ಒಳಗಿನ ಭಾಗದಲ್ಲಿ ವೆನಿಸ್‌ನವರು ಹಡಗು ಕಟ್ಟುತ್ತಿದ್ದ ಕಮಾನಿನ ಕಟ್ಟಡಗಳು ಸಾಲಾಗಿ ನಿಂತಿವೆ. ಅಲ್ಲಿಂದ ಅಲೆತಡೆಯ ಗೋಡೆಯ ಮೇಲೆ ಬಳಸಿಕೊಂಡು ನಡೆದರೆ ದೀಪಸ್ತಂಭ ಸಿಗುತ್ತದೆ. ಮೊದಲು ಅದನ್ನು ಕಟ್ಟಿದವರು ವೆನಿಸ್‌ನವರು. ಈಗ ಕಾಣುವ ರೂಪ 19ನೇ ಶತಮಾನದಲ್ಲಿ ಈಜಿಪ್ಟಿನ ಆಡಳಿತ ಇದ್ದಾಗ ಬಂದದ್ದು.

ಬಂದರು ಬಿಟ್ಟು ಒಳಗೆ ಹೋದಷ್ಟೂ ಹನ್ಯಾ ಇನ್ನೂ ಇಷ್ಟವಾಗುತ್ತದೆ. ಸ್ಪ್ಲಾಂಜಿಯಾ ಅನ್ನುವ ಕೇರಿಯಲ್ಲಿ ಸಂತ ನಿಕೋಲಸ್ ಚರ್ಚ್ ಇದೆ. ಅದರ ಒಂದು ಕಡೆ ಗಂಟೆಗೋಪುರ, ಇನ್ನೊಂದು ಕಡೆ ಮಿನಾರು. ಮೊದಲು ಚರ್ಚ್ ಆಗಿತ್ತು, ಆಮೇಲೆ ಮಸೀದಿಯಾಯಿತು, ಮತ್ತೆ ಚರ್ಚ್ ಆಯಿತು. ಎರಡನ್ನೂ ಹಾಗೇ ಉಳಿಸಿಕೊಂಡಿದ್ದಾರೆ. ಎದುರಿಗೆ ದೊಡ್ಡ ಮರದ ನೆರಳಲ್ಲಿ ಕುರ್ಚಿ ಹಾಕಿಕೊಂಡು ಊರಿನವರು ಕಾಫಿ ಕುಡಿಯುತ್ತಿರುತ್ತಾರೆ. ನಮ್ಮ ಅರಳಿಕಟ್ಟೆಯೇ ನೆನಪಾಯಿತು.

ರೆಥಿಮ್ನೊ ಸಣ್ಣದು. ಹಳೆಯ ಬಂದರಂತೂ ಒಂದು ಕಲ್ಯಾಣಿಯಷ್ಟೇ ಅನ್ನಿಸುತ್ತದೆ. 1571ರಲ್ಲಿ ಕಡಲಿನಿಂದ ದಾಳಿ ಬಂದು ಊರು ಸುಟ್ಟಿತ್ತು. ಅದಾದ ಮೇಲೆ, 1573ರಲ್ಲಿ, ಗುಡ್ಡದ ಮೇಲೆ ಫೋರ್ಟೆಜಾ ಕೋಟೆ ಕಟ್ಟಲು ಶುರು ಮಾಡಿದರು. ಅಷ್ಟು ದೊಡ್ಡ ಕೋಟೆ ಇದ್ದೂ 1646ರಲ್ಲಿ ಊರು ತುರ್ಕರ ಕೈಸೇರಿತು. ಊರ ನಡುವೆ 1626ರ ರಿಮೊಂಡಿ ಕಾರಂಜಿ ಇದೆ, ಮೂರು ಸಿಂಹದ ಬಾಯಿಂದ ನೀರು ಬೀಳುತ್ತದೆ. ಕ್ರೀಟ್ ವಿಶ್ವವಿದ್ಯಾಲಯದ ಒಂದು ಕ್ಯಾಂಪಸ್ ಇಲ್ಲಿರುವುದರಿಂದ ಪ್ರವಾಸಿಗರು ಹೋದ ಮೇಲೂ ಊರು ಖಾಲಿ ಹೊಡೆಯುವುದಿಲ್ಲ. ಇನ್ನೊಂದು ವಿಷಯ, ನಮಗೆ ಅದೇ ಮುಖ್ಯವಾಯಿತು: ಹಳೆ ಊರು ಮುಗಿಯುವಲ್ಲೇ ಮರಳಿನ ಕಡಲತೀರ ಶುರು. ಮೂಡಣಕ್ಕೆ ಹತ್ತು ಕಿಲೋಮೀಟರಿಗೂ ಜಾಸ್ತಿ ಹೋಗುತ್ತದೆ.

ಹೆಜ್ಜೆ 2: ತಿಂಗಳು ಗೊತ್ತುಮಾಡಿ

ಮಕ್ಕಳ ಶಾಲೆಯ ರಜೆ ನೋಡಿಯೇ ಹೊರಡುವವರು ನಾವು. ಹಾಗಾಗಿ ರಜೆಯ ಲೆಕ್ಕದಲ್ಲೇ ಹೇಳುತ್ತೇನೆ.

ಏಪ್ರಿಲ್‌ನಲ್ಲಿ ಬೆಟ್ಟಗಳ ತುಂಬಾ ಹೂವು, ಜನ ಕಡಿಮೆ. ಆದರೆ ಸಮುದ್ರದ ನೀರು ತಣ್ಣಗೆ, ಮಕ್ಕಳು ಇಳಿಯಲಾರರು. ಹನ್ಯಾ ಕಡೆಯ ಸಮಾರಿಯಾ ಕಣಿವೆ, ಬೆಟ್ಟದಿಂದ ಕಡಲವರೆಗೆ ನಡೆದು ಇಳಿಯುವಂಥದ್ದು, ಸಾಮಾನ್ಯವಾಗಿ ಮೇ 1ರಂದು ತೆರೆಯುತ್ತದೆ. ಅದಕ್ಕೇ ಏಪ್ರಿಲ್‌ನಲ್ಲಿ ಹೋಗುವವರಿಗೆ ರೆಥಿಮ್ನೊದ ಕಡಲತೀರವಾಗಲಿ ಹನ್ಯಾದ ಕಣಿವೆಯಾಗಲಿ ಕೈಗೆ ಬರುವುದಿಲ್ಲ. ಆಗ ಓಡಾಡಿ ನೋಡಲು ಬೀದಿಗಳು ಜಾಸ್ತಿ ಇರುವ ಹನ್ಯಾನೇ ಸರಿ. ಗ್ರೀಕರ ಈಸ್ಟರ್ ದಿನಾಂಕವನ್ನೂ ನೋಡಿಕೊಳ್ಳಿ. ಅವರದ್ದು ಆರ್ಥೊಡಾಕ್ಸ್ ಪಂಚಾಂಗ, ನಮ್ಮ ಕ್ಯಾಲೆಂಡರಿನ ಈಸ್ಟರ್ ದಿನವೇ ಬರಬೇಕೆಂದಿಲ್ಲ. 2027ರಲ್ಲಿ ಅದು ಮೇ 2ಕ್ಕೆ ಇದೆ. ಆ ವಾರ ಅಂಗಡಿ ಬಾಗಿಲು ಹಾಕಿರುತ್ತವೆ, ಬಸ್ಸು ಕಡಿಮೆ, ರೂಮು ದುಬಾರಿ.

ಮೇ ಎರಡನೇ ವಾರದಿಂದ ಜೂನ್ ನಡುವಿನವರೆಗೆ ಎರಡೂ ಊರು ಚೆನ್ನ. ಜುಲೈ, ಆಗಸ್ಟ್ ನಾನು ಯಾರಿಗೂ ಹೇಳುವುದಿಲ್ಲ. ಯುರೋಪಿನವರಿಗೆಲ್ಲ ಆಗಲೇ ರಜೆ, ಬಂದರಿನ ದಡದಲ್ಲಿ ಜಾತ್ರೆಯ ಗದ್ದಲ. ಬಡಗಣದಿಂದ ಮೆಲ್ತೆಮಿ ಅನ್ನುವ ಗಾಳಿ ದಿನಗಟ್ಟಲೆ ಬೀಸುತ್ತದೆ. ರೆಥಿಮ್ನೊದ ತೀರ ಆ ಗಾಳಿಗೆ ನೇರ ಎದುರು. ಕೆಂಪು ಬಾವುಟ ಹಾರಿಸಿದ ದಿನ ನೀರಿಗೆ ಇಳಿಯುವ ಹಾಗಿಲ್ಲ. ಮರಳು ನೋಡಿ ರೆಥಿಮ್ನೊ ಆರಿಸಿ, ಗಾಳಿಯ ವಾರದಲ್ಲಿ ಹೋದರೆ ಬೇಜಾರಾಗುತ್ತದೆ.

ನಮ್ಮ ದಸರಾ ರಜೆ ಮಾತ್ರ ಹೇಳಿ ಮಾಡಿಸಿದಂತಿದೆ. ಬೇಸಿಗೆಯೆಲ್ಲಾ ಕಾದ ಸಮುದ್ರ ಅಕ್ಟೋಬರ್ ಮೊದಲ ವಾರಗಳಲ್ಲೂ ಬೆಚ್ಚಗಿರುತ್ತದೆ, ಗಾಳಿ ಇಳಿದಿರುತ್ತದೆ, ಕಣಿವೆ ಸಾಮಾನ್ಯವಾಗಿ ತಿಂಗಳ ಕೊನೆಯವರೆಗೆ ತೆರೆದಿರುತ್ತದೆ. ಆಮೇಲೆ ಮಳೆಗಾಲ ಶುರು, ನವೆಂಬರ್‌ನಿಂದ ಸುಮಾರು ಹೋಟೆಲುಗಳು ಬಾಗಿಲು ಹಾಕುತ್ತವೆ.

ಹೆಜ್ಜೆ 3: ಹಗಲಿನ ಪಟ್ಟಿ ಬರೆದು ದೂರ ಅಳೆಯಿರಿ

ಈ ಹೆಜ್ಜೆಗೆ ಒಂದು ಸಂಜೆ ಪೂರ್ತಿ ಕೊಡಿ. ಮನೆಯವರೆಲ್ಲ ಕೂತು, ನೋಡಲೇಬೇಕು ಅನ್ನಿಸುವ ನಾಲ್ಕು ಜಾಗ ಬರೆಯಿರಿ. ನಾಲ್ಕಕ್ಕಿಂತ ಜಾಸ್ತಿ ಬೇಡ. ಕ್ರೀಟ್ ಸಣ್ಣ ದ್ವೀಪ ಅಂದುಕೊಂಡು ಹೋಗಬೇಡಿ. ಒಂದು ತುದಿಯಿಂದ ಇನ್ನೊಂದಕ್ಕೆ 260 ಕಿಲೋಮೀಟರ್ ಇದೆ, ನಡುವೆ 2,400 ಮೀಟರಿಗೂ ಎತ್ತರದ ಬೆಟ್ಟಗಳು.

ಪಟ್ಟಿಯಲ್ಲಿ ಸಮಾರಿಯಾ ಕಣಿವೆ ಇದೆಯಾ? ಹಾಗಾದರೆ ಹನ್ಯಾ, ಬೇರೆ ಮಾತಿಲ್ಲ. ಸುಮಾರು 1,200 ಮೀಟರ್ ಎತ್ತರದ ಕ್ಸಿಲೋಸ್ಕಾಲೊ ಅನ್ನುವಲ್ಲಿಂದ ಇಳಿಯಲು ಶುರುಮಾಡಿ, 16 ಕಿಲೋಮೀಟರ್ ನಡೆದು ತೆಂಕಣ ಕಡಲ ದಡದ ಆಯಾ ರೂಮೆಲಿ ಹಳ್ಳಿ ಸೇರಬೇಕು. ಆ ಹಳ್ಳಿಗೆ ಕಾರು ಹೋಗುವ ರಸ್ತೆ ಇಲ್ಲ. ಅಲ್ಲಿಂದ ದೋಣಿ ಹತ್ತಿ ಸೂಯಾ ಅಥವಾ ಸ್ಫಾಕಿಯಾಕ್ಕೆ ಬಂದು, ಬಸ್ಸು ಹಿಡಿದು ವಾಪಸ್ಸು ಬರಬೇಕು. ಹನ್ಯಾದಿಂದಲೇ ಹೋದರೂ ಮುಂಜಾನೆಯಿಂದ ರಾತ್ರಿಯವರೆಗೆ ಹಿಡಿಯುತ್ತದೆ. ರೆಥಿಮ್ನೊದಿಂದಲೂ ಟೂರ್ ಬಸ್ಸುಗಳಿವೆ, ಆದರೆ ನಸುಕಿಗೆ ಮುಂಚೆಯೇ ಹೊರಡಬೇಕು, ಮರಳಿ ಬರುವಾಗ ಕಾಲು ಸೋತಿರುತ್ತದೆ. ಇಳಿಜಾರು ತಾನೇ ಅಂತ ಹಗುರವಾಗಿ ತಗೋಬೇಡಿ. ಇಳಿಯುವಾಗಲೇ ಮಂಡಿಗೆ ಪೆಟ್ಟು. ಹಿಡಿತ ಇರುವ ಶೂ ಬೇಕು, ಚಪ್ಪಲಿಯಲ್ಲಿ ಆಗದು.

ಎಲಫೊನಿಸಿ, ಬಾಲೊಸ್ ಕಡಲತೀರಗಳು ಕೂಡ ಹನ್ಯಾ ಕಡೆಯವು. ಎಲಫೊನಿಸಿಯಲ್ಲಿ ಮರಳಿಗೆ ನಸುಗೆಂಪು ಬಣ್ಣ, ನೀರು ಎಷ್ಟೋ ದೂರದವರೆಗೆ ಮೊಣಕಾಲಿನಷ್ಟೇ ಆಳ. ಹನ್ಯಾದಿಂದ ಸುಮಾರು 75 ಕಿಲೋಮೀಟರ್, ತಿರುವುಗಳ ದಾರಿ, ಒಂದೂವರೆ ಗಂಟೆ ಇಟ್ಟುಕೊಳ್ಳಿ. ರೆಥಿಮ್ನೊದಿಂದ ಹೊರಟರೆ ಅದಕ್ಕೆ ಇನ್ನೊಂದು ಗಂಟೆ ಸೇರಿಸಿ. ಹೋಗಿಬರುವುದರಲ್ಲೇ ಐದು ಗಂಟೆ ಕಾರಲ್ಲಿ ಕೂತರೆ ಮಕ್ಕಳ ಪಾಡೇನು? ಬಾಲೊಸ್‌ಗೆ ಕಿಸಮೊಸ್ ಬಂದರಿನಿಂದ ದೋಣಿಯಲ್ಲಿ ಹೋಗಿ. ಕಾರಿನ ದಾರಿ ಮಣ್ಣಿನದು, ಬಾಡಿಗೆ ಕಾರಿನ ವಿಮೆ ಸಾಮಾನ್ಯವಾಗಿ ಅಂಥ ದಾರಿಗೆ ಅನ್ವಯಿಸುವುದಿಲ್ಲ.

ಪಟ್ಟಿಯಲ್ಲಿ ಕಂಚಿನ ಯುಗದ ಕ್ನೊಸೊಸ್ ಅರಮನೆ ಇದ್ದರೆ ತಕ್ಕಡಿ ರೆಥಿಮ್ನೊ ಕಡೆ ವಾಲುತ್ತದೆ. ಅದು ಹೆರಾಕ್ಲಿಯೊನ್ ಊರಿನ ಪಕ್ಕ ಇದೆ. ರೆಥಿಮ್ನೊದಿಂದ ಹೆರಾಕ್ಲಿಯೊನ್‌ಗೆ ಸುಮಾರು 80 ಕಿಲೋಮೀಟರ್, ಹನ್ಯಾದಿಂದ 140. ಅರಮನೆ ನೋಡಿ, ಅಲ್ಲಿ ಸಿಕ್ಕ ವಸ್ತುಗಳನ್ನಿಟ್ಟಿರುವ ಹೆರಾಕ್ಲಿಯೊನ್ ಮ್ಯೂಸಿಯಂ ಕೂಡ ನೋಡದಿದ್ದರೆ ಅರ್ಧವೇ ನೋಡಿದಂತೆ. ಎರಡಕ್ಕೂ ಸೇರಿ ಒಂದು ದಿನ ಬೇಕು.

ರೆಥಿಮ್ನೊ ಹತ್ತಿರ ಇನ್ನೊಂದು ಜಾಗ ಇದೆ, ಜಾಹೀರಾತುಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ಅರ್ಕಾದಿ ಮಠ, ಊರಿನಿಂದ ಸುಮಾರು 23 ಕಿಲೋಮೀಟರ್. 1866ರ ನವೆಂಬರ್‌ನಲ್ಲಿ ತುರ್ಕರ ವಿರುದ್ಧ ದಂಗೆ ಎದ್ದವರು ಹೆಂಗಸರು ಮಕ್ಕಳೊಂದಿಗೆ ಇಲ್ಲಿ ಸೇರಿಕೊಂಡಿದ್ದರು. ಸೈನ್ಯ ಒಳನುಗ್ಗಿದಾಗ ಸೆರೆಯಾಗುವುದು ಬೇಡವೆಂದು ಮದ್ದಿನ ಮನೆಗೆ ಬೆಂಕಿ ಇಟ್ಟರು. ಆ ಕೋಣೆಗೆ ಈಗಲೂ ಸೂರಿಲ್ಲ. ಅಪ್ಪ ಅಲ್ಲಿ ತುಂಬಾ ಹೊತ್ತು ಮಾತಿಲ್ಲದೆ ನಿಂತಿದ್ದರು. ಇಡೀ ಪ್ರವಾಸದಲ್ಲಿ ಅವರು ಊರಿಗೆ ಬಂದ ಮೇಲೂ ಎಲ್ಲರಿಗೂ ಹೇಳಿದ್ದು ಆ ಒಂದು ಜಾಗದ ಕತೆ.

ಅರ್ಕಾದಿಯ ದಾರಿಯಲ್ಲೇ ಇನ್ನಷ್ಟು ಮುಂದೆ ಹೋದರೆ ಮಡಕೆ ಮಾಡುವವರ ಊರು ಮಾರ್ಗರಿತೆಸ್ ಸಿಗುತ್ತದೆ. ತೆಂಕಣಕ್ಕೆ ಹೋದರೆ ಪ್ರೆವೆಲಿ, ಹೊಳೆ ಸಮುದ್ರ ಸೇರುವಲ್ಲಿ ಖರ್ಜೂರದ ಜಾತಿಯ ಮರಗಳ ತೋಪು. ತೀರಕ್ಕೆ ಮೆಟ್ಟಿಲಿಳಿಯಬೇಕು, ವಾಪಸ್ಸು ಹತ್ತಲೂ ಬೇಕು.

ಈಗ ಪಟ್ಟಿ ನೋಡಿ. ನಾಲ್ಕರಲ್ಲಿ ಮೂರು ಪಡುವಣಕ್ಕಿದ್ದರೆ ಹನ್ಯಾ. ಮೂಡಣಕ್ಕಿದ್ದರೆ ರೆಥಿಮ್ನೊ. ಪಟ್ಟಿಯೇ ತುಂಬಲಿಲ್ಲ, ಸುಮ್ನೆ ನೀರಲ್ಲಿ ಆಡಿಕೊಂಡು ಇರಬೇಕು ಅಂತಿದ್ದರೆ ಆಗಲೂ ರೆಥಿಮ್ನೊ.

ಹೆಜ್ಜೆ 4: ಜೊತೆಯಲ್ಲಿ ಯಾರಿದ್ದಾರೆ?

ವಯಸ್ಸಾದವರಿದ್ದರೆ ರೆಥಿಮ್ನೊ ಸುಲಭ. ಹಳೆ ಊರು ಬಹುಮಟ್ಟಿಗೆ ಸಮತಟ್ಟು. ಏರು ಇರುವುದು ಕೋಟೆಗೆ ಹೋಗುವಲ್ಲಿ ಮಾತ್ರ. ಕಡಲ ದಡದ ಅಗಲವಾದ ಕಾಲುದಾರಿಯಲ್ಲಿ ಬೆಳಿಗ್ಗೆ ವಾಕಿಂಗ್ ಮಾಡಬಹುದು. ಅಪ್ಪ ಅಮ್ಮ ಇಬ್ಬರೇ ಹೋಗಿ ಬರುತ್ತಿದ್ದರು, ನಾವು ಜೊತೆಗೆ ಹೋಗಬೇಕಿರಲಿಲ್ಲ. ಪರದೇಶದಲ್ಲಿ ಹಿರಿಯರಿಗೆ ಆ ಸ್ವಾತಂತ್ರ್ಯ ಸಿಗುವುದು ದೊಡ್ಡ ಸಂಗತಿ ಅಲ್ವಾ?

ಹನ್ಯಾದಲ್ಲಿ ಈಜುವ ಜಾಗ ಇಲ್ಲವೆಂದಲ್ಲ. ಹಳೆ ಬಂದರಿನಿಂದ ಪಡುವಣಕ್ಕೆ ಹತ್ತು ಹದಿನೈದು ನಿಮಿಷ ನಡೆದರೆ ನೆಯಾ ಹೋರಾ ತೀರ ಇದೆ. ಸಣ್ಣದು, ಊರ ಜನರೇ ಬರುವಂಥದ್ದು. ದೀಪಸ್ತಂಭದ ದಾರಿಯಲ್ಲಿ ಮಕ್ಕಳ ಕೈ ಬಿಡಬೇಡಿ, ಕಲ್ಲು ಏರುಪೇರು, ಎಲ್ಲಾ ಕಡೆ ತಡೆಗಂಬಿ ಇಲ್ಲ.

ಗಂಡ ಹೆಂಡತಿ ಇಬ್ಬರೇ, ಇಲ್ಲವೇ ಸ್ನೇಹಿತರ ಗುಂಪು, ನಡೆಯುವ ಹುಮ್ಮಸ್ಸಿದೆ ಅಂದರೆ ನಾನು ಹನ್ಯಾ ಅನ್ನುತ್ತೇನೆ. ಅಲ್ಲಿ ನಾಲ್ಕನೇ ದಿನವೂ ನೋಡದ ಬೀದಿ ಸಿಗುತ್ತದೆ.

ಹೆಜ್ಜೆ 5: ರೂಮು ಗೊತ್ತುಮಾಡುವ ಮುಂಚೆ ಐದು ಪ್ರಶ್ನೆ ಕೇಳಿ

ಎರಡೂ ಊರಿನ ಹಳೆಯ ಭಾಗದಲ್ಲಿ ನೂರಾರು ವರ್ಷದ ಮನೆಗಳನ್ನೇ ಲಾಡ್ಜು ಮಾಡಿದ್ದಾರೆ. ನೋಡಲು ಚೆಂದ. ಆದರೆ ಬುಕ್ ಮಾಡುವ ಮುಂಚೆ ಮಾಲೀಕರಿಗೆ ಮೆಸೇಜ್ ಮಾಡಿ ಇವನ್ನು ಕೇಳಿ: ರೂಮು ಯಾವ ಮಹಡಿಯಲ್ಲಿದೆ? ಮೆಟ್ಟಿಲು ಎಷ್ಟು? ಟ್ಯಾಕ್ಸಿ ನಿಲ್ಲುವಲ್ಲಿಂದ ಬಾಗಿಲಿಗೆ ಎಷ್ಟು ದೂರ? ಕೆಳಗೆ, ಪಕ್ಕದಲ್ಲಿ ಏನಿದೆ? ಹಾಸಿಗೆ ಇರುವುದು ಅಟ್ಟದ ಮೇಲಾ? ಕೊನೆಯದು ಮುಖ್ಯ. ಒಂದೇ ಕೋಣೆಯೊಳಗೆ ಏಣಿಯಂಥ ಮೆಟ್ಟಿಲು ಇಟ್ಟು ಮೇಲೆ ಹಾಸಿಗೆ ಹಾಕಿರುವುದು ಅಲ್ಲಿ ಮಾಮೂಲು. ಫೋಟೋದಲ್ಲಿ ಅದು ತಿಳಿಯುವುದಿಲ್ಲ.

ಹಳೆ ಬೀದಿಗಳಿಗೆ ಕಾರು ಬರುವುದಿಲ್ಲ. ಕಲ್ಲುಹಾಸಿನ ಮೇಲೆ ಗಾಲಿ ಸೂಟ್‌ಕೇಸ್ ಎಳೆಯುವುದು ಸಾಕುಸಾಕಾಗುತ್ತದೆ. ಸಾಮಾನು ಕಡಿಮೆ ಇರಲಿ.

ಬಂದರಿಗೆ ಎದುರಾದ ರೂಮು ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಎರಡು ಬೀದಿ ಹಿಂದೆ ಹೋದರೆ ನಿದ್ದೆ ಬರುತ್ತದೆ, ಬಾಡಿಗೆಯೂ ಇಳಿಯುತ್ತದೆ. ಹನ್ಯಾದಲ್ಲಿ ಸ್ಪ್ಲಾಂಜಿಯಾ ಕಡೆ ನೋಡಿ. ರೆಥಿಮ್ನೊದಲ್ಲಿ ಹಳೆ ಊರಿನ ಮೂಡಣ ಅಂಚು ಒಳ್ಳೆಯದು, ಬೀದಿಗೂ ಮರಳಿಗೂ ಐದೇ ನಿಮಿಷ.

ಒಂದು ಸಣ್ಣ ಮಾತು. ಅಲ್ಲಿಯ ಪೈಪುಗಳು ಸಪೂರ, ಟಾಯ್ಲೆಟ್ ಪೇಪರನ್ನು ಕಮೋಡಿಗೆ ಹಾಕದೆ ಪಕ್ಕದ ಬುಟ್ಟಿಗೆ ಹಾಕಬೇಕು. ರೂಮಿನ ಬಾಡಿಗೆಯ ಮೇಲೆ ರಾತ್ರಿಗಿಷ್ಟು ಅಂತ ಸರ್ಕಾರದ ತೆರಿಗೆಯನ್ನು ಅಲ್ಲೇ ಕಟ್ಟಬೇಕಾಗುತ್ತದೆ. ತಾರೆ ಜಾಸ್ತಿಯಾದಷ್ಟೂ ತೆರಿಗೆ ಜಾಸ್ತಿ. ಬುಕ್ ಮಾಡುವಾಗಲೇ ಕೇಳಿಟ್ಟುಕೊಳ್ಳಿ.

ಹೆಜ್ಜೆ 6: ಊಟದ ವಿಚಾರ

ನಮ್ಮ ಮನೆಯಲ್ಲಿ ಅಪ್ಪ ಅಮ್ಮ ಸಸ್ಯಾಹಾರಿಗಳು. ಹೋಗುವ ಮುಂಚೆ ಇದ್ದ ದೊಡ್ಡ ಚಿಂತೆ ಅದೇ. ಅವಲಕ್ಕಿ, ಚಟ್ನಿಪುಡಿ, ಉಪ್ಪಿನಕಾಯಿ ಎಲ್ಲಾ ಕಟ್ಟಿಕೊಂಡಿದ್ದೆವು. ಅರ್ಧಕ್ಕರ್ಧ ವಾಪಸ್ಸು ಬಂತು.

ಕ್ರೀಟ್‌ನವರು ಸೊಪ್ಪು ತಿನ್ನುವ ಜನ. ಗುಡ್ಡದಲ್ಲಿ ಆಯ್ದು ತಂದ ಸೊಪ್ಪನ್ನು ಬೇಯಿಸಿ ಆಲಿವ್ ಎಣ್ಣೆ, ನಿಂಬೆರಸ ಹಾಕಿ ಕೊಡುತ್ತಾರೆ, ಹೆಸರು ಹೋರ್ತ. ಕೋಲಾರದ ಕಡೆಯ ಅಮ್ಮನಿಗೆ ಅದು ಬೆರಕೆ ಸೊಪ್ಪೇ. ಫಾವ ಅನ್ನುವುದು ಹಳದಿ ಬೇಳೆಯನ್ನು ಬೇಯಿಸಿ ನುಣ್ಣಗೆ ಮಾಡಿದ್ದು, ಗಟ್ಟಿ ತೊವ್ವೆಯ ಹಾಗೆ. ದಾಕೋಸ್ ಅಂದರೆ ಗಟ್ಟಿ ಬಾರ್ಲಿ ರೊಟ್ಟಿಯ ಮೇಲೆ ಟೊಮೆಟೊ, ಚೀಸ್, ಎಣ್ಣೆ. ಬುರೆಕಿ ಹನ್ಯಾದ್ದೇ ತಿನಿಸು: ಎಳೆ ಸೋರೆಯಂಥ ಕಾಯಿ, ಆಲೂಗಡ್ಡೆ, ಮಿಝಿತ್ರ ಚೀಸ್, ಪುದೀನ ಪದರ ಪದರವಾಗಿಟ್ಟು ಬೇಯಿಸುತ್ತಾರೆ. ಬೆಳಿಗ್ಗೆ ಅದೇ ಚೀಸ್ ತುಂಬಿದ ಬುಗಾತ್ಸ, ಮೇಲೆ ಸಕ್ಕರೆ ಉದುರಿಸಿ.

ಕೇಳುವ ಮಾತು ಕಲಿತುಕೊಳ್ಳಿ. "ಹೊರೀಸ್ ಕ್ರೇಯಾಸ್" ಅಂದರೆ ಮಾಂಸವಿಲ್ಲದೆ. "ನಿಸ್ತಿಸಿಮೊ" ಅಂದರೆ ಉಪವಾಸದ ಅಡುಗೆ. ಅದರಲ್ಲಿ ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ. ಆದರೆ ಹುಷಾರು. ಅವರ ಉಪವಾಸಕ್ಕೆ ಆಕ್ಟೋಪಸ್, ಸೀಗಡಿ, ಚಿಪ್ಪುಮೀನು ನಡೆಯುತ್ತದೆ. ಅವೂ ಬೇಡವೆಂದು ಬಾಯಿಬಿಟ್ಟು ಹೇಳಬೇಕು. ಟೊಮೆಟೊ, ದೊಣ್ಣೆಮೆಣಸಿನಕಾಯಿಯಲ್ಲಿ ಅನ್ನ ತುಂಬಿದ ಯೆಮಿಸ್ತಾದಲ್ಲಿ ಕೆಲವು ಕಡೆ ಖೀಮಾ ಸೇರಿಸುತ್ತಾರೆ, ಕೇಳಿಯೇ ತಿನ್ನಿ.

ಊಟದ ಲೆಕ್ಕದಲ್ಲಿ ಹನ್ಯಾಗೆ ಕೈ ಮೇಲು. ಒಳಬೀದಿಗಳಲ್ಲಿ ಆಯ್ಕೆ ಜಾಸ್ತಿ. ರೆಥಿಮ್ನೊದ ಹಳೆ ಬಂದರಿನ ಸುತ್ತ ಮೀನಿನ ಹೋಟೆಲುಗಳೇ, ಬಾಗಿಲಲ್ಲಿ ನಿಂತು ಕರೆಯುತ್ತಾರೆ. ಮೀನಿಗೆ ಕಿಲೋ ಲೆಕ್ಕದಲ್ಲಿ ಬೆಲೆ, ತೂಗಿಸಿ ಬೆಲೆ ಕೇಳಿ ಆಮೇಲೆ ಹೂಂ ಅನ್ನಿ. ಸಸ್ಯಾಹಾರಿಗಳಿಗೆ ಅಲ್ಲಿ ಕೂರುವ ಅಗತ್ಯವೇ ಇಲ್ಲ, ಎರಡು ಬೀದಿ ಹಿಂದೆ ಹೋದರೆ ಮನೆ ಅಡುಗೆಯಂಥದ್ದು ಸಿಗುತ್ತದೆ.

ಹೆಜ್ಜೆ 7: ವೀಸಾ, ದಾರಿ, ಕಾರು

ಗ್ರೀಸ್‌ಗೆ ಶೆಂಗೆನ್ ವೀಸಾ ಬೇಕು. ಹೊರಡುವ ದಿನಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಕೊನೆಯ ಪಕ್ಷ 15 ದಿನ ಮುಂಚೆ ಹಾಕಿರಬೇಕು. ಅಷ್ಟು ಕೊನೆಗೆ ಇಟ್ಟುಕೊಳ್ಳಬೇಡಿ, ಅರ್ಜಿ ಕೊಡುವ ದಿನವೇ ಬೇಗ ಸಿಗುವುದಿಲ್ಲ. ಶುಲ್ಕ ದೊಡ್ಡವರಿಗೆ 90 ಯೂರೊ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45, ಅದಕ್ಕೂ ಚಿಕ್ಕವರಿಗೆ ಇಲ್ಲ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ವೀಸಾ ಕೈಗೆ ಬರುವವರೆಗೆ ರೂಮನ್ನು ರದ್ದು ಮಾಡಬಹುದಾದ ದರದಲ್ಲೇ ಬುಕ್ ಮಾಡಿ.

ಅಥೆನ್ಸ್‌ನಿಂದ ಹನ್ಯಾಗೆ ವಿಮಾನದಲ್ಲಿ ಒಂದು ಗಂಟೆಯೊಳಗೆ ಬರಬಹುದು. ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಿಂದ ರಾತ್ರಿ ಹಡಗು ಹತ್ತಿದರೆ ಬೆಳಗಿನ ಜಾವ ಸೂದಾ ಬಂದರಿಗೆ ಇಳಿಯುತ್ತೀರಿ, ಅಲ್ಲಿಂದ ಹನ್ಯಾ ಏಳೆಂಟು ಕಿಲೋಮೀಟರ್ ಅಷ್ಟೇ. ಕ್ಯಾಬಿನ್ ತಗೊಂಡರೆ ಒಂದು ರಾತ್ರಿಯ ರೂಮಿನ ಖರ್ಚು ಉಳಿಯುತ್ತದೆ, ಮಕ್ಕಳಿಗಂತೂ ಹಬ್ಬ. ರೆಥಿಮ್ನೊಗೆ ವಿಮಾನ ನಿಲ್ದಾಣ ಇಲ್ಲ. ಹನ್ಯಾ ಅಥವಾ ಹೆರಾಕ್ಲಿಯೊನ್‌ಗೆ ಇಳಿದು ಒಂದು ಒಂದೂವರೆ ಗಂಟೆ ರಸ್ತೆಯಲ್ಲಿ ಬರಬೇಕು.

ಕಾರು ಓಡಿಸುವುದಾದರೆ ಹೊರಡುವ ಮುಂಚೆ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿ. ಅಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸಬೇಕು. ಆಟೋಮ್ಯಾಟಿಕ್ ಕಾರು ಕಡಿಮೆ, ಬೇಗ ಕಾದಿರಿಸಿ. ಬಡಗಣದ ಹೆದ್ದಾರಿಯಲ್ಲಿ ಹಿಂದಿನಿಂದ ವೇಗವಾಗಿ ಬರುವವರಿಗೆ ದಾರಿ ಬಿಡಲು ಎಲ್ಲರೂ ಬಲಕ್ಕೆ, ರಸ್ತೆಯಂಚಿನ ಗೆರೆ ದಾಟಿ ಸರಿಯುತ್ತಾರೆ. ಮೊದಲ ದಿನ ಗಾಬರಿಯಾಗುತ್ತದೆ. ರೂಮು ಹಳೆ ಊರಲ್ಲಿದ್ದರೆ ಇರುವಷ್ಟು ದಿನವೂ ಕಾರು ಬೇಡ, ಹೊರಗೆ ಹೋಗುವ ಎರಡು ಮೂರು ದಿನಕ್ಕೆ ಸಾಕು.

ಹೆಜ್ಜೆ 8: ರಾತ್ರಿಗಳನ್ನು ಹಂಚಿ

ಐದು ರಾತ್ರಿಗಿಂತ ಕಡಿಮೆ ಇದ್ದರೆ ಒಂದೇ ಊರು. ಇನ್ನೊಂದನ್ನು ಬಸ್ಸಲ್ಲಿ ಹೋಗಿ ನೋಡಿಬನ್ನಿ. ಕೆಟೆಲ್ ಅನ್ನುವ ಬಸ್ಸುಗಳು ಎರಡೂ ಊರಿನ ನಡುವೆ ದಿನವಿಡೀ ಓಡುತ್ತವೆ, ಸುಮಾರು ಒಂದೂಕಾಲು ಗಂಟೆ ದಾರಿ.

ಏಳೆಂಟು ರಾತ್ರಿ ಇದ್ದರೆ ಎರಡರಲ್ಲೂ ಇರಿ. ಹನ್ಯಾಗೆ ಬಂದು ಇಳಿದು, ನಾಲ್ಕು ರಾತ್ರಿ ಅಲ್ಲಿ. ಕಣಿವೆ, ಎಲಫೊನಿಸಿ, ಹೆಚ್ಚು ನಡೆಯುವ ಕೆಲಸವೆಲ್ಲಾ ಮೈಯಲ್ಲಿ ಕಸುವಿರುವ ಆ ದಿನಗಳಲ್ಲಿ ಮುಗಿಯಲಿ. ಆಮೇಲೆ ರೆಥಿಮ್ನೊಗೆ ಬಂದು ಮೂರು ರಾತ್ರಿ, ಮರಳಲ್ಲಿ ಕಾಲುಚಾಚಿ. ವಾಪಸ್ಸು ಹೆರಾಕ್ಲಿಯೊನ್‌ನಿಂದ ವಿಮಾನ ಹತ್ತಿದರೆ ಬಂದ ದಾರಿಯಲ್ಲೇ ತಿರುಗಿ ಹೋಗುವುದು ತಪ್ಪುತ್ತದೆ, ಕ್ನೊಸೊಸ್ ಕೂಡ ದಾರಿಯಲ್ಲೇ ಆಗುತ್ತದೆ.

ಬಸ್ಸಲ್ಲಿ ಒಂದು ದಿನಕ್ಕೆ ಹೋಗುವವರು ಬೆಳಿಗ್ಗೆ ಬೇಗ ಹೊರಡುವ ಅವಸರ ಮಾಡಬೇಡಿ. ಮಧ್ಯಾಹ್ನ ಎರಡರಿಂದ ಐದರವರೆಗೆ ಊರು ಮಲಗಿರುತ್ತದೆ, ಸುಮಾರು ಅಂಗಡಿ ಮುಚ್ಚಿರುತ್ತವೆ. ನಾಲ್ಕರ ಹೊತ್ತಿಗೆ ತಲುಪಿ. ಹನ್ಯಾಗೆ ಹೋದರೆ ಸೂರ್ಯ ಮುಳುಗುವ ಹೊತ್ತಿಗೆ ದೀಪಸ್ತಂಭದ ಕಡೆ ಇರಿ, ಬಂದರಿನ ದೀಪಗಳು ಒಂದೊಂದಾಗಿ ನೀರಿಗಿಳಿಯುವುದು ಅಲ್ಲಿಂದ ಕಾಣುತ್ತದೆ. ರೆಥಿಮ್ನೊಗೆ ಹೋದರೆ ಫೋರ್ಟೆಜಾದ ಕೆಳಗೆ, ಕಡಲನ್ನು ಬಳಸಿ ಹೋಗುವ ರಸ್ತೆಯಲ್ಲಿ ನಡೆಯಿರಿ. ಬಸ್ ನಿಲ್ದಾಣವೂ ಅದೇ ಕಡೆ ಇದೆ. ಇಳಿದ ತಕ್ಷಣ ಮೊದಲ ಕೆಲಸ ಕೊನೆಯ ಬಸ್ಸು ಎಷ್ಟಕ್ಕೆ ಅಂತ ಕಿಟಕಿಯಲ್ಲಿ ಕೇಳಿ, ವಾಪಸ್ಸಿನ ಟಿಕೆಟ್ಟನ್ನೂ ಆಗಲೇ ತಗೊಂಡುಬಿಡಿ.